ನಾನು ಬರೆದ ಅರ್ಜಿ

ಮೂವತ್ತೊಂದು ವರ್ಷಗಳ ಕಾಲ ನಾನು ಮಕ್ಕಳಿಗೆ ಅರ್ಜಿ ಬರೆಯುವುದನ್ನು ಕಲಿಸಿದೆ. ಮೇಲೆ ಊರು ಮತ್ತು ದಿನಾಂಕ, ಅದರ ಕೆಳಗೆ 'ಇವರಿಗೆ', ಬಳಿಕ 'ಮಾನ್ಯರೇ'. ಆಮೇಲೆ, "ಎರಡು ದಿನಗಳ ರಜೆಯನ್ನು ದಯಪಾಲಿಸಬೇಕೆಂದು ವಿನಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ". ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿ'. ಅರ್ಜಿಯೆಂದರೆ ಬೇಡಿಕೆ, ಬೇಡುವವನು ಬಾಗಿರಬೇಕು ಎಂದೇ ನಾನೂ ನಂಬಿದ್ದೆ. ಬೇಡದೆಯೂ ಅರ್ಜಿ ಬರೆಯಬಹುದೆಂಬ ಪಾಠವನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ. ಕಲಿಸಿದವನು ನನ್ನ ಹಳೆಯ ವಿದ್ಯಾರ್ಥಿ.

ನನಗೆ ನಿವೃತ್ತಿ ವೇತನ ಮಂಜೂರಾಗಿ ಬಂದಾಗ ಅದರ ಲೆಕ್ಕದಲ್ಲಿ ಸೇವೆಯ ಮೊದಲ ಎರಡು ವರ್ಷಗಳು ಕಾಣಲಿಲ್ಲ. ಆ ಎರಡು ವರ್ಷ ನಾನು ಮಲೆನಾಡಿನ ಒಂದು ಏಕೋಪಾಧ್ಯಾಯ ಶಾಲೆಯಲ್ಲಿದ್ದೆ. ಮಳೆಗಾಲದಲ್ಲಿ ಹಳ್ಳದಾಚೆಯ ಮಕ್ಕಳನ್ನು ಕೈಹಿಡಿದು ದಾಟಿಸುವುದೂ ಅಲ್ಲಿ ನನ್ನ ಕೆಲಸದ ಒಂದು ಭಾಗವಾಗಿತ್ತು. ಸೋರುವ ಮಾಡು, ಒದ್ದೆಯಾದ ಸ್ಲೇಟುಗಳು, ಮೂಲೆಯಲ್ಲಿ ಸಾಲಾಗಿ ಇಟ್ಟ ಕಂಬಳಿಕೊಪ್ಪೆಗಳು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಆದರೆ ಕಾಗದದ ಮೇಲೆ ನಾನು ಅಲ್ಲಿ ಇರಲೇ ಇಲ್ಲ! ಹಣದ ನಷ್ಟಕ್ಕಿಂತ ಇದೇ ನನ್ನನ್ನು ಹೆಚ್ಚು ನೋಯಿಸಿತು.

ಕಚೇರಿಗೆ ಅಲೆದಾಟ ಆರಂಭವಾಯಿತು. "ಕಡತ ಮೇಲಕ್ಕೆ ಹೋಗಿದೆ", "ಸಾಹೇಬರು ಸಭೆಯಲ್ಲಿದ್ದಾರೆ", "ಬರುವ ವಾರ ಬನ್ನಿ" ಎಂಬ ಮೂರು ಮಾತುಗಳ ಹೊರತು ನಾಲ್ಕನೆಯದನ್ನು ನಾನು ಅಲ್ಲಿ ಕೇಳಲಿಲ್ಲ. 1956ರಲ್ಲಿ ಪೂರ್ಣಗೊಂಡ ನಮ್ಮ ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದು ಬರೆಸಿದ್ದಾರೆ. ಕೆಲಸ ಮಾಡುವವನಲ್ಲಿ ಶ್ರದ್ಧೆ ಹುಟ್ಟಲೆಂದು ಬರೆಸಿದ ಮಾತು ಅದು. ನನಗಾದರೋ ಆ ಕಿಟಕಿಯ ಮುಂದೆ ನಿಂತಾಗಲೆಲ್ಲ 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ಗಾದೆಯೇ ನೆನಪಾಗುತ್ತಿತ್ತು. ಆ ಗುಮಾಸ್ತರು ನನ್ನಿಂದ ಏನನ್ನೋ ನಿರೀಕ್ಷಿಸುತ್ತಿದ್ದಾರೆಂಬ ಸಂಶಯ ನನ್ನ ಮನಸ್ಸಿನಲ್ಲಿ ಮೊಳೆಯಿತು. ದಿನ ಕಳೆದಂತೆ ಅದು ಬೇರೂರಿ ನಿಂತಿತು.

ಒಂದು ದಿನ ಅಂಚೆ ಕಚೇರಿಯಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿಯ ಮುಂದೆ ಈ ದುಃಖವನ್ನು ತೋಡಿಕೊಂಡೆ. ಅವನು ನಕ್ಕು, "ಮೇಷ್ಟ್ರೇ, ನಮಗೆ ಪೌರನೀತಿ ಹೇಳಿಕೊಟ್ಟವರೇ ನೀವು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಒಂದು ಅರ್ಜಿ ಹಾಕಬಾರದೇ?" ಎಂದ. ನನಗೆ ನಾಚಿಕೆಯಾಯಿತು. ಆ ರಾತ್ರಿಯೇ ನಾಲ್ಕು ಪುಟಗಳ ಅರ್ಜಿ ಬರೆದೆ. ಅದರಲ್ಲಿ ಹಳ್ಳವೂ ಇತ್ತು, ಸೋರುವ ಮಾಡೂ ಇತ್ತು, ನನ್ನ ಸಿಟ್ಟೂ ಇತ್ತು.

ಮರುದಿನ ಅವನು ಅದನ್ನು ಓದಿ ಮೆಲ್ಲಗೆ ಬದಿಗಿಟ್ಟ. "ಮೇಷ್ಟ್ರೇ, ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಹೀಗೇಕೆ ಮಾಡಿದಿರಿ ಎಂದು ಜಗಳವಾಡಬೇಡಿ. ಯಾವ ದಾಖಲೆಯ ಪ್ರತಿ ಬೇಕೆಂದು ಕೇಳಿ. ಏತಕ್ಕೆ ಬೇಕೆಂದು ಹೇಳುವ ಅಗತ್ಯವೂ ಇಲ್ಲ" ಎಂದ. ಕೊನೆಯಲ್ಲಿ ಅಭ್ಯಾಸಬಲದಿಂದ ಬರೆದಿದ್ದ 'ತಮ್ಮ ವಿಧೇಯ' ಎಂಬುದನ್ನು ತೋರಿಸಿ, "ಇಲ್ಲಿ 'ಅರ್ಜಿದಾರ' ಎಂದರೆ ಸಾಕು" ಎಂದ. ಮಕ್ಕಳ ಬರವಣಿಗೆಯಲ್ಲಿ ಕೆಂಪು ಗೆರೆ ಎಳೆಯುತ್ತಿದ್ದ ನಾನು ಅಂದು ನನ್ನ ಬರವಣಿಗೆಯ ಮೇಲೆಯೇ ಗೆರೆ ಎಳೆದುಕೊಂಡೆ.

ಹೊಸ ಅರ್ಜಿಯಲ್ಲಿ ಉಳಿದದ್ದು ಒಂದೇ ವಿಷಯ: ನನ್ನ ಸೇವಾ ಪುಸ್ತಕದ ಮೊದಲ ಪುಟಗಳು, ಕಡತದ ಟಿಪ್ಪಣಿ ಹಾಳೆಗಳು ಮತ್ತು ಆ ಸಂಬಂಧದ ಪತ್ರಗಳ ದೃಢೀಕೃತ ಪ್ರತಿಗಳು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳುಹಿಸಿದೆ. ಬಡತನದ ರೇಖೆಗಿಂತ ಕೆಳಗಿರುವವರು ಈ ಶುಲ್ಕವನ್ನೂ ಕೊಡಬೇಕಾಗಿಲ್ಲ. ಬರೆಯಲು ಬಾರದವರ ಮಾತನ್ನು ಬರಹಕ್ಕಿಳಿಸಲು ಆ ಅಧಿಕಾರಿಯೇ ನೆರವಾಗಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದರೆ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ಸಮಾಧಾನ ದೊರೆಯದಿದ್ದರೆ ಮಾಹಿತಿ ಆಯೋಗದ ಮೊರೆ ಹೋಗಬಹುದು.

ನನಗೆ ಅಷ್ಟು ದೂರ ಹೋಗಬೇಕಾಗಿ ಬರಲಿಲ್ಲ. ತಿಂಗಳು ತುಂಬುವ ಮೊದಲೇ, ಪುಟಕ್ಕೆ 2 ರೂಪಾಯಿಯಂತೆ 23 ಪುಟಗಳಿಗೆ 46 ರೂಪಾಯಿ ಪಾವತಿಸುವಂತೆ ಪತ್ರ ಬಂದಿತು. ಹಣ ಕಟ್ಟಿ ಪ್ರತಿಗಳನ್ನು ಪಡೆದು, ಮನೆಯ ಜಗಲಿಯ ಮೇಲೆ ಕುಳಿತು ಒಂದೊಂದೇ ಹಾಳೆಯನ್ನು ಓದಿದೆ. ಓದುತ್ತ ಹೋದಂತೆ ನನ್ನ ತಲೆ ತಗ್ಗಿತು.

ನಾನು ಸಂಶಯಪಟ್ಟಿದ್ದ ಆ ಗುಮಾಸ್ತರು ನನ್ನ ಮೊದಲ ಶಾಲೆಯಿದ್ದ ತಾಲ್ಲೂಕಿನ ಕಚೇರಿಗೆ ಒಂದಲ್ಲ, ಮೂರು ಬಾರಿ ಪತ್ರ ಬರೆದಿದ್ದರು. ಎರಡಕ್ಕೆ ಉತ್ತರವಿರಲಿಲ್ಲ. ಮೂರನೆಯದಕ್ಕೆ, 'ಈ ಹೆಸರಿನ ಶಿಕ್ಷಕರು ನಮ್ಮ ದಾಖಲೆಗಳಲ್ಲಿ ಕಂಡುಬರುವುದಿಲ್ಲ' ಎಂಬ ಉತ್ತರವಿತ್ತು. ಕಂಡುಬರುವುದಾದರೂ ಹೇಗೆ? ಕೆಲಸಕ್ಕೆ ಸೇರಿದಾಗ ನಾನು ಹೆಸರಿನ ಮುಂದೆ ಊರಿನ ಮೊದಲಕ್ಷರವನ್ನೂ ಸೇರಿಸಿ ಸಹಿ ಮಾಡುತ್ತಿದ್ದೆ. ವರ್ಗವಾದ ಮೇಲೆ, ಉದ್ದವಾಯಿತೆಂದು ಅದನ್ನು ಬಿಟ್ಟುಬಿಟ್ಟಿದ್ದೆ. ತಪ್ಪಿನ ಬೇರು ನನ್ನ ಸಹಿಯಲ್ಲಿಯೇ ಇತ್ತು! ಆ ಉತ್ತರ ಬಂದ ಬಳಿಕ ಕಡತ ಮೇಜಿನ ಮೇಲೆಯೇ ಉಳಿಯಿತು. ನನ್ನನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಏಕೆ ಹೊಳೆಯಲಿಲ್ಲ? ಕಚೇರಿಯ ಕಾಗದ ಹೊರಗಿನವರ ಕಣ್ಣಿಗೆ ಬೀಳಬಾರದೆಂಬುದು ನಮ್ಮಲ್ಲಿ ಬಹುಕಾಲದ ರೂಢಿ. ಬ್ರಿಟಿಷರು 1923ರಲ್ಲಿ ಅಧಿಕೃತ ರಹಸ್ಯಗಳ ಕಾಯ್ದೆಯನ್ನು ತಂದರು. ಅವರು ಹೋದರೂ ಮುಚ್ಚಿಡುವ ಅಭ್ಯಾಸ ಹೋಗಲಿಲ್ಲ. ಅದನ್ನು ಅಲುಗಾಡಿಸಿದವರು ದೊಡ್ಡ ಪಂಡಿತರಷ್ಟೇ ಅಲ್ಲ. ರಾಜಸ್ಥಾನದ ಬರಪೀಡಿತ ಹಳ್ಳಿಗಳಲ್ಲಿ ರಸ್ತೆಗೆ ಮಣ್ಣು ಹೊತ್ತ ಕೂಲಿಗಳು ತಮಗೆ ಸಲ್ಲಬೇಕಾದ ಕೂಲಿ ಪೂರ್ತಿಯಾಗಿ ಕೈಸೇರದಿದ್ದಾಗ ಹಾಜರಿ ಪಟ್ಟಿಯನ್ನು ತೋರಿಸಿರೆಂದು ಕೇಳಿದರು. ಅರುಣಾ ರಾಯ್ ಮತ್ತು ಸಂಗಡಿಗರು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಅವರ ಬೆನ್ನಿಗೆ ನಿಂತಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು 40 ದಿನ ಧರಣಿ ಕುಳಿತರು. ಕರ್ನಾಟಕವು 2000ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆಯನ್ನು ರೂಪಿಸಿತು. ರಾಷ್ಟ್ರದ ಕಾಯ್ದೆಯು 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು. ನಾನು ಪಡೆದ 23 ಪುಟಗಳ ಹಿಂದೆ ಆ ಕೂಲಿಗಳ 40 ದಿನಗಳಿವೆ ಎಂಬುದನ್ನು ನಾನು ಮರೆಯಲಾರೆ.

ಹಾಗೆಂದು ಎಲ್ಲವನ್ನೂ ಕೇಳಿ ಪಡೆಯಲಾಗದು. ದೇಶದ ಭದ್ರತೆಗೆ ಧಕ್ಕೆ ತರುವ ವಿಷಯಗಳನ್ನು ಕಾಯ್ದೆಯೇ ಹೊರಗಿಟ್ಟಿದೆ. ನೆರೆಮನೆಯವರ ಖಾಸಗಿ ಬದುಕನ್ನು ಇಣುಕಿ ನೋಡಲು ಇದು ಕಿಟಕಿಯಲ್ಲ. ಹಗೆ ತೀರಿಸಿಕೊಳ್ಳಲು ಪ್ರಶ್ನೆಗಳ ಮಳೆ ಸುರಿಸುವುದೂ ಸಲ್ಲದು. ಹಕ್ಕಿನ ಜೊತೆಗೆ ಹೊಣೆಯೂ ಇರುತ್ತದೆ.

ಮರುವಾರ ನಾನು ಆ ಕಚೇರಿಗೆ ಹೋದೆ. ಎರಡೂ ಹೆಸರು ನನ್ನವೇ ಎಂಬ ಪ್ರಮಾಣಪತ್ರವನ್ನೂ ಪೆಟ್ಟಿಗೆಯ ತಳದಲ್ಲಿ ದೊರೆತ ಹಳೆಯ ವರ್ಗಾವಣೆ ಆದೇಶವನ್ನೂ ಗುಮಾಸ್ತರ ಮುಂದಿಟ್ಟು, "ನಿಮ್ಮನ್ನು ತಪ್ಪು ತಿಳಿದಿದ್ದೆ, ಕ್ಷಮಿಸಿ" ಎಂದೆ. ಅವರು ಕ್ಷಣಕಾಲ ಸುಮ್ಮನಿದ್ದು, "ನಾವೂ ನಿಮಗೆ ಹೇಳಬೇಕಾಗಿತ್ತು, ಸಾರ್" ಎಂದರು. ಕೆಲವು ತಿಂಗಳ ಬಳಿಕ ಆ ಎರಡು ವರ್ಷಗಳು ಲೆಕ್ಕಕ್ಕೆ ಸೇರಿದವು. ಹಳ್ಳದಾಚೆಯ ಶಾಲೆಯಲ್ಲಿ ನಾನಿದ್ದುದನ್ನು ಸರ್ಕಾರವೂ ಒಪ್ಪಿಕೊಂಡಿತು.

ನನಗೆ ದೊರೆತದ್ದು ಎರಡು ವರ್ಷಗಳ ಲೆಕ್ಕವಷ್ಟೇ ಅಲ್ಲ. ಒಬ್ಬ ಮನುಷ್ಯನ ಮೇಲೆ ಕಾರಣವಿಲ್ಲದೆ ಬೆಳೆಸಿಕೊಂಡಿದ್ದ ಸಂಶಯವೂ ನೀಗಿತು. ಕತ್ತಲೆಯಲ್ಲಿ ಹಗ್ಗವೂ ಹಾವಾಗಿ ತೋರುತ್ತದೆ. ದೀಪ ತಂದರೆ ಹಗ್ಗ ಹಗ್ಗವೇ. ಮಾಹಿತಿಯೆಂಬುದು ಅಂತಹ ದೀಪ. ಅದನ್ನು ಕೇಳುವಾಗ ವಿನಯವನ್ನು ಬಿಡಬೇಕಾಗಿಲ್ಲ. ಬಾಗುವುದನ್ನು ಬಿಟ್ಟರೆ ಸಾಕು.