ಕ್ರೇನುಗಳ ನಡುವಿನ ಘಾಟ್ಕೋಪರ್ ದಾರಿ

ಘಟ್ಟದ ಮೇಲಿನ ಊರಾದುದರಿಂದ ಘಾಟ್ಕೋಪರ್ ಎಂಬ ಹೆಸರು ಬಂದಿತೆಂದು ಹಳಬರು ಹೇಳುವುದುಂಟು. ಘಟ್ಟದ ಮೇಲಿನವರೂ ಕೆಳಗಿನವರೂ ಒಂದಾಗಿ ಬಾಳುವ ಕನ್ನಡಿಗರಿಗೆ ಇದು ಒಪ್ಪುವ ಹೆಸರೇ ಸರಿ. ಆದರೆ ಈಚಿನ ವರ್ಷಗಳಲ್ಲಿ ಇಲ್ಲಿ ತಲೆಯೆತ್ತಿದರೆ ಗುಡ್ಡಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತ ಬಂದಿರುವುದು ಕ್ರೇನು.

ವರ್ಸೋವಾದಿಂದ ಇಲ್ಲಿಗೆ ಮೆಟ್ರೋ ರೈಲು ಓಡತೊಡಗಿದ್ದು 2014ರ ಜೂನ್ 8ರಂದು. ಮಾನ್‌ಖುರ್ದ್ ಕಡೆಯ ಮೇಲ್ಸೇತುವೆ ತೆರೆದದ್ದು 2021ರಲ್ಲಿ. ವಡಾಲಾದಿಂದ ಠಾಣೆಯ ಕಾಸಾರವಡವಲಿಗೆ ಹೋಗುವ ನಾಲ್ಕನೆಯ ಮೆಟ್ರೋ ಮಾರ್ಗ ಸುಮಾರು 32 ಕಿಲೋಮೀಟರಿನದು. ಅದು ಅಮರ್ ಮಹಲ್, ಗರೋಡಿಯಾ ನಗರ, ಪಂತ್ ನಗರ, ಲಕ್ಷ್ಮೀ ನಗರಗಳನ್ನು ದಾಟಿ ಶ್ರೇಯಸ್ ಸಿನೆಮಾದ ಕಡೆಗೆ, ಹಿಂದೆ ಆಗ್ರಾ ರೋಡ್ ಎನಿಸಿದ್ದ ಲಾಲ್ ಬಹಾದುರ್ ಶಾಸ್ತ್ರಿ ರಸ್ತೆಗೆ ಬರುತ್ತದೆ. ಇಂಥ ಕೆಲಸಕ್ಕೆಂದು ತಗಡಿನ ಬೇಲಿ ಎದ್ದೊಡನೆ ರಸ್ತೆ ಅರ್ಧವಾಗುತ್ತದೆ. ಉಳಿದ ಅರ್ಧದಲ್ಲಿ ಬೆಸ್ಟ್ ಬಸ್ಸು, ರಿಕ್ಷಾ, ಕಾಂಕ್ರೀಟಿನ ಮಿಕ್ಸರ್ ಲಾರಿ; ಅವುಗಳ ಸಂದಿಯಲ್ಲಿ ಮಗುವನ್ನು ಸ್ಕೂಟರಿನಲ್ಲಿ ಶಾಲೆಗೆ ಒಯ್ಯುವ ನಾವು.

ಇಲ್ಲಿ ನಾವು ಮರೆಯಬಾರದ ಮಾತೊಂದಿದೆ: ಯಂತ್ರ ನಮಗೆ ಎಷ್ಟು ದೊಡ್ಡದಾಗಿ ಕಂಡರೂ ಅದರ ಚಾಲಕನಿಗೆ ನಾವು ಕಂಡೇವೆಂಬ ಭರವಸೆಯಿಲ್ಲ. ಮಣ್ಣು ಅಗೆಯುವ ಯಂತ್ರದಲ್ಲಿ ಚಾಲಕ ಎಡಗಡೆ ಕುಳಿತಿರುತ್ತಾನೆ. ಬಲಗಡೆಯ ನೋಟಕ್ಕೆ ಯಂತ್ರದ ತೋಳೇ ಅಡ್ಡ. ತೋಳು ಮುಂದೆ ತಿರುಗಿದಾಗ ಹಿಂದೆ ಅದರ ಭಾರವಾದ ಬೆನ್ನೂ ತಿರುಗುತ್ತದೆ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ಕಾಣದಿದ್ದರೆ, ನಾವೂ ಅವನಿಗೆ ಕಾಣುತ್ತಿಲ್ಲವೆಂದೇ ತಿಳಿಯಬೇಕು. ಅದರ ಎಡ ಮಗ್ಗುಲಲ್ಲಂತೂ ನುಸುಳಲೇಬಾರದು. ಹಿಂದೆ ಸರಿಯುವ ಸದ್ದು ಕೇಳಿದರೆ ದೂರವೇ ನಿಂತು, ಬಾವುಟದವನು ಕೈ ತೋರಿಸಿದ ಮೇಲೆ ಹೊರಡುವುದು ಲೇಸು. ಎತ್ತಿದ ಹೊರೆಯ ಕೆಳಗೆ ನಿಲ್ಲಬಾರದು. ಮಳೆಗಾಲದಲ್ಲಿ ಕೆಸರು ಮೆತ್ತಿದ ಕಬ್ಬಿಣದ ಹಲಗೆಗಳ ಮೇಲೆ ಗಾಲಿ ಜಾರುತ್ತದೆ. ವೇಗವನ್ನು ಮೊದಲೇ ಇಳಿಸಬೇಕು.

ಆದರೂ ನಮ್ಮ ಎಚ್ಚರವೊಂದರಿಂದಲೇ ಎಲ್ಲ ಅಪಾಯವೂ ನೀಗದು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಹಂದರ ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ಕುಟುಂಬದಲ್ಲಿ ತಾಯಿಯೂ ಎಳೆಯ ಮಗನೂ ತೀರಿಕೊಂಡರು. ದಾರಿಯಲ್ಲಿ ಹೋಗುತ್ತಿದ್ದವರ ತಪ್ಪು ಅದರಲ್ಲೇನಿತ್ತು? ಕಟ್ಟುವವರ ಹೊಣೆ ಕಟ್ಟುವವರದೇ. ಮುರಿದ ಬೇಲಿಯೋ ದೀಪವಿಲ್ಲದ ಹೊಂಡವೋ ಕಂಡರೆ ವಾರ್ಡ್ ಕಚೇರಿಗೆ ಅರ್ಜಿ ಬರೆಯುವುದು ನಮ್ಮ ಪಾಲಿನ ಕೆಲಸ. ಗುಮಾಸ್ತರಾದ ನಮಗೆ ಗೊತ್ತು: ಜಾಗ, ದಿನಾಂಕ ನಮೂದಿಸಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಕಾಗದವನ್ನು ಯಾರೂ ಸುಲಭವಾಗಿ ಮೂಲೆಗೆ ತಳ್ಳಲಾರರು.

ಯಂತ್ರ ನಡೆಸುವವನೂ ನಮ್ಮಂತೆ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನಿರಬಹುದು. ಅವನಿಗೆ ಹತ್ತು ಅಡಿ ಜಾಗವನ್ನೂ ಎರಡು ನಿಮಿಷವನ್ನೂ ಬಿಟ್ಟುಕೊಡೋಣ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿದ್ದರೂ ಚಿಂತೆಯಿಲ್ಲ. ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕುಳಿತರೆ ಸಾಕು.