ಬೆಳವಲದ ಬಿಸಿಲಿನಲ್ಲಿ ವಿದ್ಯುತ್ ಕಾರು

ಬೆಳವಲ ನಾಡಿನ ಬೇಸಿಗೆಯನ್ನು ಅನುಭವಿಸಿದವರೇ ಬಲ್ಲರು. ಹುಬ್ಬಳ್ಳಿಯನ್ನು ಬಿಟ್ಟು ವಿಜಯಪುರದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಕೆಲವೇ ಮೈಲಿಗಳಲ್ಲಿ ಗಿಡಮರಗಳು ವಿರಳವಾಗಿ, ಕಣ್ಣು ಹಾಯುವಷ್ಟು ದೂರವೂ ಕಪ್ಪು ಎರೆಯ ಬಯಲೇ ಹಾಸಿಕೊಳ್ಳುತ್ತದೆ. ಕಡಲೆ, ಜೋಳಗಳ ಸುಗ್ಗಿ ಮುಗಿದು ಬರಿದಾದ ಹೊಲಗಳಲ್ಲಿ ಅಂಗೈ ಅಗಲದ ಬಿರುಕುಗಳು. ಅಲ್ಲೊಂದು ಬನ್ನಿ, ಇಲ್ಲೊಂದು ಜಾಲಿ. ಮಧ್ಯಾಹ್ನದ ಹೊತ್ತಿಗೆ ಡಾಂಬರಿನ ಮೇಲೆ ಬಿಸಿಲ್ಗುದುರೆ ಕುಣಿಯತೊಡಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನಲ್ಲಿಟ್ಟ ಉಷ್ಣಮಾಪಕವೇ ೩೮, ೪೦ ಡಿಗ್ರಿ ತೋರಿಸುವಾಗ ಕಪ್ಪು ನೆಲದ ಮೇಲಿನ ಝಳ ಎಷ್ಟಿದ್ದೀತು!

ಇಂಥ ಬಿಸಿಲಿನಲ್ಲಿ, ೨೦೨೫ರ ಏಪ್ರಿಲ್ ಕೊನೆಯ ವಾರದಲ್ಲಿ, ನಾವು ನಮ್ಮ ವಿದ್ಯುತ್ ಕಾರನ್ನು ತೆಗೆದುಕೊಂಡು ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳನ್ನು ಎರಡು ದಿನಗಳಲ್ಲಿ ಸುತ್ತಿ ಬಂದೆವು. ಊರು ನೋಡುವ ಹಂಬಲವೊಂದೇ ಇದಕ್ಕೆ ಕಾರಣವಾಗಿರಲಿಲ್ಲ. ಕುಂದಗೋಳದಲ್ಲಿರುವ ನಮ್ಮ ಅಕ್ಕನ ಮಗ ಒಂದೂವರೆ ಎಕರೆ ಹೊಲವನ್ನು ಮಾರಿ ಬಾಡಿಗೆಗೆ ಓಡಿಸಲು ವಿದ್ಯುತ್ ಕಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದನು. ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ರೋಗಿಗಳನ್ನು ಕರೆದೊಯ್ಯುವ ಕೆಲಸ ಅವನಿಗೆ ಈಗಲೂ ಸಿಗುತ್ತದೆ. ಆದರೆ ಡೀಸೆಲ್ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಅವನು ಕೇಳಿದ್ದು ಒಂದೇ ಮಾತು: “ಮಾಮಾ, ನಮ್ಮ ಬಿಸಲಿಗೆ ಬ್ಯಾಟರಿ ತಡೀತದೇನು? ಅದು ಕೆಟ್ಟಿತಂದ್ರ ಹೊಲಾನೂ ಹೋತು, ಗಾಡೀನೂ ಹೋತು.” ಇದಕ್ಕೆ ಪೇಟೆಯಲ್ಲಿ ಕುಳಿತು ಉತ್ತರ ಹೇಳುವುದು ಸರಿಯಲ್ಲವೆನಿಸಿ, ಅವನನ್ನೂ ಹುಬ್ಬಳ್ಳಿಗೆ ಕರೆಸಿಕೊಂಡು ಬೆಳಗಿನ ಐದೂವರೆಗೆ ಹೊರಟೆವು.

ನವಲಗುಂದ ತಲುಪಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಹೆಸರಿನಲ್ಲಿಯೇ ನವಿಲನ್ನು ಉಳ್ಳ ಈ ಊರು ಮನೆಯೊಳಗೆ ಹೆಣ್ಣುಮಕ್ಕಳು ನೇಯುವ ಜಮಖಾನೆಗಳಿಗೆ ಹೆಸರಾಗಿದೆ. ೧೯೮೦ರ ರೈತ ಬಂಡಾಯದಿಂದ ನಾಡಿನ ಇತಿಹಾಸದಲ್ಲಿಯೂ ಸೇರಿದೆ. ನಾಗಲಿಂಗಸ್ವಾಮಿಗಳ ಮಠಕ್ಕೆ ಹೋಗಿಬಂದು, ಒಂದು ಖಾನಾವಳಿಯ ಮುಂದೆ ಬೇವಿನ ನೆರಳಿನಲ್ಲಿ ಕಾರು ನಿಲ್ಲಿಸಿ ಉಪಾಹಾರಕ್ಕೆ ಕುಳಿತೆವು. ಬ್ಯಾಟರಿಯ ಪಾಠ ಅಲ್ಲಿಂದಲೇ ಆರಂಭವಾಯಿತು.

ಇಂದಿನ ವಿದ್ಯುತ್ ಕಾರುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ನೂರಾರು ಚಿಕ್ಕ ಕೋಶಗಳನ್ನು ಜೋಡಿಸಿ ಒಂದು ಪೆಟ್ಟಿಗೆಯಲ್ಲಿಟ್ಟು ಕಾರಿನ ತಳದಲ್ಲಿ ಕೂರಿಸಿರುತ್ತಾರೆ. ಮನುಷ್ಯನಿಗೆ ಹಿತವಾದ ಹವೆಯೇ ಬಹುಮಟ್ಟಿಗೆ ಅದಕ್ಕೂ ಹಿತ. ೧೫ರಿಂದ ೩೫ ಡಿಗ್ರಿಯವರೆಗೆ ಅದು ಸುಖವಾಗಿರುತ್ತದೆ. ಕೋಶದ ಒಳಗೆ ಋಣಧ್ರುವದ ಮೇಲೆ ಒಂದು ತೆಳುವಾದ ಪದರವಿರುತ್ತದೆ. ಅದು ಇರಬೇಕಾದದ್ದೇ. ಆದರೆ ಕಾವು ಹೆಚ್ಚಿದಂತೆ ಆ ಪದರ ಬೇಗ ಬೇಗ ದಪ್ಪವಾಗುತ್ತ, ಕೆಲಸ ಮಾಡಬೇಕಾದ ಲಿಥಿಯಮ್ಮನ್ನು ನುಂಗಿಹಾಕುತ್ತದೆ. ಹತ್ತು ಡಿಗ್ರಿ ಕಾವು ಏರಿದರೆ ಈ ಸವೆತದ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂದು ತಿಳಿದವರು ಲೆಕ್ಕ ಹಾಕುತ್ತಾರೆ. ಆದ್ದರಿಂದ ಬಿಸಿಲಿಗೆ ಬ್ಯಾಟರಿ ಒಂದೇ ದಿನದಲ್ಲಿ ಸುಟ್ಟುಹೋಗುವುದಿಲ್ಲ, ಒಳಗೊಳಗೇ ಮುಪ್ಪಾಗುತ್ತದೆ. ಮೊದಲ ವರ್ಷ ೨೫೦ ಕಿ.ಮೀ. ಓಡಿದ ಗಾಡಿ ಕೆಲವು ವರ್ಷಗಳಲ್ಲಿ ೨೦೦ಕ್ಕೆ ಇಳಿದರೆ ಬಾಡಿಗೆಯವನ ಹೊಟ್ಟೆಗೆ ಹೊಡೆದಂತೆಯೇ ಸರಿ.

ಇದು ಬರಿಯ ಊಹೆಯಲ್ಲ. ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರ ನಮ್ಮ ಬೆಳವಲಕ್ಕಿಂತಲೂ ಬಿಸಿಯಾದ ಮರುಭೂಮಿಯ ಊರು. ಅಲ್ಲಿ ನಿಸ್ಸಾನ್ ಲೀಫ್ ಎಂಬ ವಿದ್ಯುತ್ ಕಾರನ್ನು ಕೊಂಡವರು, ಒಂದೆರಡು ವರ್ಷಗಳಲ್ಲಿಯೇ ಬ್ಯಾಟರಿಯ ಶಕ್ತಿ ಕುಗ್ಗಿತೆಂದು ೨೦೧೨ರಲ್ಲಿ ದೊಡ್ಡ ದೂರು ಎತ್ತಿದರು. ಆ ಕಾರಿನ ಬ್ಯಾಟರಿಗೆ ದ್ರವದ ತಂಪು ಇರಲಿಲ್ಲ. ಅನಂತರ ಆ ಕಂಪನಿ ಕಾವು ತಡೆಯುವ ಹೊಸ ರಾಸಾಯನಿಕದ ಬ್ಯಾಟರಿ ತಂದಿತು. ನಮ್ಮ ನಾಡಿನಲ್ಲಿ ೨೦೦೧ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿನಲ್ಲಿದ್ದುದು ಸೀಸ-ಆಮ್ಲದ ಬ್ಯಾಟರಿ. ಬೇಸಿಗೆ ಬಂತೆಂದರೆ ಅದರ ನೀರು ಇಂಗುವುದನ್ನು ಮನೆಯಲ್ಲಿ ಇನ್ವರ್ಟರ್ ಇಟ್ಟುಕೊಂಡ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಈಗಿನ ಹಲವು ಕಾರುಗಳಲ್ಲಿ ಬ್ಯಾಟರಿಯ ಸುತ್ತ ತಂಪು ದ್ರವ ಹರಿದಾಡುವ ಏರ್ಪಾಡು ಇದೆ. ೨೦೨೦ರಲ್ಲಿ ಬಂದ ಟಾಟಾ ನೆಕ್ಸಾನ್‌ನಲ್ಲಿಯೂ ಅದು ಇತ್ತು. ಆದರೆ ಎಲ್ಲ ಕಾರುಗಳಲ್ಲಿಯೂ ಇದೆಯೆಂದು ನಂಬಬಾರದು. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಎರಡನೆಯದು, ಬ್ಯಾಟರಿಯ ಜಾತಿ ಯಾವುದು ಎಂಬುದು. ಕಬ್ಬಿಣ ಮತ್ತು ಫಾಸ್ಫೇಟ್ ಸೇರಿದ್ದು ನಿಕ್ಕಲ್ ಸೇರಿದ್ದಕ್ಕಿಂತ ಭಾರವಾದರೂ ಕಾವನ್ನು ಹೆಚ್ಚು ತಾಳುತ್ತದೆ. ಬಿಸಿಲ ನಾಡಿನವರು ಮೊದಲಿನದನ್ನು ಆರಿಸುವುದು ಜಾಣತನವೆಂದು ನಮ್ಮ ಅಭಿಪ್ರಾಯ.

ಅಣ್ಣಿಗೇರಿಗೆ ಬಂದಾಗ ಹನ್ನೊಂದು ಗಂಟೆ. ಆದಿಕವಿ ಪಂಪನ ನಂಟಿನ ಈ ಊರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವಿದೆ. ಹೊರಗೆ ಕಾಲಿಡಲಾಗದ ಬಿಸಿಲು. ಒಳಗೆ ಕರಿಯ ಕಲ್ಲಿನ ನುಣುಪಾದ ಕಂಬಗಳ ನಡುವೆ ಕುಳಿತರೆ ಎದ್ದು ಬರಲು ಮನಸ್ಸಾಗದು. ನಾವು ಎರಡು ತಾಸು ಅಲ್ಲಿಯೇ ಕಳೆದೆವು. ಕಾರನ್ನು ಮಾತ್ರ ಹತ್ತಿರದಲ್ಲಿ ಬಿಡದೆ, ಅರ್ಧ ಫರ್ಲಾಂಗು ದೂರವಿದ್ದ ಹುಣಸೆಯ ಮರದ ಕೆಳಗೆ, ಮಧ್ಯಾಹ್ನ ನೆರಳು ಎಲ್ಲಿಗೆ ಸರಿಯುವುದೆಂದು ನೋಡಿ ನಿಲ್ಲಿಸಿದ್ದೆವು. ಹಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೆ ತಂಪು ದ್ರವದ ಓಟವೂ ನಿಂತುಬಿಡುತ್ತದೆ. ಓಡುವ ಗಾಡಿಗಿಂತ ಬಿಸಿಲಿನಲ್ಲಿ ಸುಮ್ಮನೆ ನಿಂತ ಗಾಡಿಗೇ ನೆರಳಿನ ಅಗತ್ಯ ಹೆಚ್ಚು. ಅದರಲ್ಲಿಯೂ ನೂರಕ್ಕೆ ನೂರು ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸುವುದು ಬಹಳ ಕೆಟ್ಟದ್ದು. ತುಂಬಿದ ಬ್ಯಾಟರಿ ಮತ್ತು ಕಾವು, ಎರಡೂ ಸೇರಿದಾಗ ಸವೆತ ಬಲು ಬೇಗ. ನಿತ್ಯದ ಓಡಾಟಕ್ಕೆ ೮೦ಕ್ಕೆ ನಿಲ್ಲಿಸಿ, ೨೦ರ ಕೆಳಗೆ ಇಳಿಯಗೊಡದಿದ್ದರೆ ಸಾಕು. ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯನ್ನು ಆಗೀಗ ಪೂರ್ತಿ ತುಂಬಿಸಬೇಕೆಂದು ಕಂಪನಿಯವರೇ ಹೇಳುವುದುಂಟು, ಏಕೆಂದರೆ ಇಲ್ಲವಾದರೆ ಅದರ ಅಳತೆ ತಪ್ಪುತ್ತದೆ. ಆ ದಿನ ತುಂಬಿದೊಡನೆ ಹೊರಟುಬಿಡುವುದು ಮೇಲು.

ಹಿಂದಿರುಗುವಾಗ ಸಂಜೆ ನಾಲ್ಕರ ಸುಮಾರಿಗೆ ಹುಬ್ಬಳ್ಳಿಯ ಹೊರವಲಯದ ಒಂದು ವೇಗದ ಚಾರ್ಜಿಂಗ್ ಕೇಂದ್ರದಲ್ಲಿ ನಿಂತೆವು. ಅವಶ್ಯಕತೆ ಇರಲಿಲ್ಲ, ಹುಡುಗನಿಗೆ ತೋರಿಸಬೇಕಾಗಿತ್ತು. ಬೆಳಗಿನ ತಂಪಿನಲ್ಲಿ ಬೇಗ ತುಂಬುವ ಬ್ಯಾಟರಿ ಆಗ ನಿಧಾನವಾಗಿ ತುಂಬತೊಡಗಿತು. “ಮಶಿನ್ ಕೆಟ್ಟದೇನು?” ಎಂದು ಅವನು ಕೇಳಿದನು. ಮಶಿನ್ ಸರಿಯಾಗಿಯೇ ಇತ್ತು. ಬ್ಯಾಟರಿಯೊಳಗಿನ ಕಾವಲು ಯಂತ್ರವೇ ಕಾವನ್ನು ಕಂಡು ಕೈ ಬಿಗಿಹಿಡಿದಿತ್ತು. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ದಿನವೆಲ್ಲ ಓಡಿ ಕಾದ ಬ್ಯಾಟರಿಗೆ ಮೇಲಿಂದ ಮೇಲೆ ವೇಗದ ಚಾರ್ಜು ಕೊಡುವುದು, ಹೊಲದಿಂದ ಏದುಸಿರು ಬಿಡುತ್ತ ಬಂದ ಎತ್ತಿಗೆ ಆ ಕ್ಷಣವೇ ಹಿಂಡಿ ತಿನ್ನಿಸಿದಂತೆ. ನಮ್ಮ ಹಿರಿಯರು ಎತ್ತನ್ನು ಮೊದಲು ನೆರಳಿಗೆ ಕಟ್ಟಿ ದಣಿವಾರಿಸುತ್ತಿದ್ದರು. ಅರ್ಧ ತಾಸು ನೆರಳಿನಲ್ಲಿ ನಿಲ್ಲಿಸಿ ಆಮೇಲೆ ತುಂಬಿಸಿದರೆ ನಷ್ಟವೇನು?

ಕುಂದಗೋಳ ಸಂಗೀತದ ಊರು. ಇಲ್ಲಿ ಹುಟ್ಟಿದ ಸವಾಯಿ ಗಂಧರ್ವರಲ್ಲಿ ಭೀಮಸೇನ ಜೋಶಿಯವರು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ನಾಡಿಗೇರರ ವಾಡೆಯ ದಪ್ಪ ಗೋಡೆಗಳನ್ನು ನೋಡಿದಾಗ, ಕಾವನ್ನು ಹೊರಗಿಡುವ ವಿದ್ಯೆ ನಮ್ಮವರಿಗೆ ಹೊಸದಲ್ಲವೆಂದು ಅನಿಸುತ್ತದೆ. ಮಣ್ಣಿನ ಮಾಳಿಗೆ, ಜೋಳ ಕಾಯ್ದಿಡುವ ನೆಲದೊಳಗಿನ ಹಗೇವು, ಇವೆಲ್ಲ ಅದೇ ವಿದ್ಯೆ.

ಅಕ್ಕನ ಮನೆಯ ಹಿತ್ತಲಲ್ಲಿ ಕಾರಿಗಾಗಿ ಹುಡುಗ ಆಗಲೇ ತಗಡಿನ ಚಪ್ಪರವೊಂದನ್ನು ಎಬ್ಬಿಸಿದ್ದನು. ಮೂರು ಕಡೆಯೂ ತಗಡು. ಸಂಜೆ ಏಳಕ್ಕೂ ಒಳಗೆ ಕುಲುಮೆಯಂತೆ ಕಾವು. ತಗಡಿನ ಮೇಲೆ ಕಣಕಿ ಹೊದಿಸುವುದಾಗಿ ಅವನು ಹೇಳಿದಾಗ ನಾವು ಖಡಾಖಂಡಿತವಾಗಿ ಬೇಡವೆಂದೆವು. ಒಣಗಿದ ಜೋಳದ ದಂಟು ನೆರಳನ್ನೇನೋ ಕೊಡುತ್ತದೆ; ಆದರೆ ಕೆಳಗೆ ರಾತ್ರಿಯಿಡೀ ವಿದ್ಯುತ್ ಹರಿಯುವಾಗ ಒಂದು ಕಿಡಿ ಸಾಕು. ೨೦೨೨ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿತು. ನಿಯಮ ಬಿಗಿಯಾಯಿತೆಂದು ಹುಲ್ಲಿನ ಬಣವೆಯ ಪಕ್ಕದಲ್ಲಿ ಗಾಡಿ ಕಟ್ಟಬಹುದೇ? ಪಕ್ಕದ ತಗಡುಗಳನ್ನು ತೆಗೆದು ಗಾಳಿಯಾಡಲು ಬಿಟ್ಟು, ಮೇಲೆ ಹಂಚು ಹೊದಿಸುವುದೆಂದು ತೀರ್ಮಾನವಾಯಿತು.

ಅದಕ್ಕಿಂತ ದೊಡ್ಡ ಮಾತು ಅರ್ಥಿಂಗಿನದು. ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದಾಗ ನೆಲಕ್ಕೆ ಹುಗಿದ ಅರ್ಥಿಂಗ್ ಕೊಳವೆಯನ್ನು ಬಿಟ್ಟು ಸರಿಯುತ್ತದೆ. ಒಣ ಮಣ್ಣಿನಲ್ಲಿ ವಿದ್ಯುತ್ ಹರಿಯುವುದೂ ಕಷ್ಟ. ಆಗ ಕಾರು ಚಾರ್ಜ್ ಆಗಲು ಒಪ್ಪುವುದಿಲ್ಲ, ಅಥವಾ ಅಪಾಯಕ್ಕೆ ಎಡೆಯಾಗುತ್ತದೆ. ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದು ಕೊಡ ನೀರು ಹೊಯ್ಯಬೇಕೆಂದು ಊರಿನ ವಾಯರ್‌ಮನ್ ಹೇಳಿದನು. ಕುಡಿಯುವ ನೀರಿಗೇ ತತ್ವಾರವಿರುವ ದಿನಗಳಲ್ಲಿ ಅಕ್ಕ ಮುಖ ಸಣ್ಣದು ಮಾಡಿದಳು: “ಗಾಡಿಗೂ ಒಂದು ಕೊಡ ನೀರು ಬೇಕೇನ ತಮ್ಮಾ?” ಮುಖ ತೊಳೆದ ನೀರಾದರೂ ನಡೆದೀತೆಂದ ಮೇಲೆ ಸಮಾಧಾನವಾಯಿತು.

ಆ ರಾತ್ರಿ ಹನ್ನೊಂದಕ್ಕೆ, ನೆಲ ತಣ್ಣಗಾದ ಮೇಲೆ, ಮನೆಯ ೧೫ ಆಂಪಿಯರಿನ ಪ್ಲಗ್ಗಿಗೆ ಹಾಕಿದೆವು. ತಾಸಿಗೆ ಸುಮಾರು ಮೂರು ಯೂನಿಟ್. ೩೦ ಯೂನಿಟ್ ಹಿಡಿಯುವ ನಮ್ಮ ಬ್ಯಾಟರಿ ೨೦ರಿಂದ ೮೦ಕ್ಕೆ ಬರಲು ಆರು ತಾಸು. ನಡುವೆ ಎರಡು ಬಾರಿ ವಿದ್ಯುತ್ ಹೋಗಿ ಬಂದರೂ ಬೆಳಗಿಗೆ ಕೆಲಸ ಮುಗಿದಿತ್ತು. ಬ್ಯಾಟರಿಗೆ ಇದಕ್ಕಿಂತ ಸೌಮ್ಯವಾದ ಆರೈಕೆ ಇನ್ನೊಂದಿಲ್ಲ. ಹೊರಡುವ ಮುನ್ನ ಪ್ಲಗ್ಗು ತೆಗೆಯದೆಯೇ ಎ.ಸಿ. ಹಾಕಿ ಕಾರಿನ ಒಳಗನ್ನು ತಂಪು ಮಾಡಿಕೊಂಡೆವು. ಆ ಖರ್ಚು ಮನೆಯ ಮೀಟರಿನದು, ಬ್ಯಾಟರಿಯದಲ್ಲ.

ಕಲಘಟಗಿಯ ದಾರಿಯಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಎರೆ ಹೋಗಿ ಕೆಂಪು ಮಣ್ಣು, ಭತ್ತದ ಗದ್ದೆಗಳು, ಸಾಗುವಾನಿಯ ಸಾಲು. ಮಲೆನಾಡಿನ ಸೆರಗು ಇಲ್ಲಿಂದಲೇ ಆರಂಭ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಈ ಊರಿನಲ್ಲಿ ಅಂಗಡಿಯೊಂದರ ಮುಂದೆ ಹುಡುಗನು ತುಸು ಹೆಚ್ಚೇ ಹೊತ್ತು ನಿಂತನು. ಅವನ ಹೆಂಡತಿ ಬಸುರಿ ಎಂಬುದು ಆಗಲೇ ನಮಗೆ ನೆನಪಾದದ್ದು.

ಊಟಕ್ಕೆ ಕುಳಿತಾಗ ಖಾತರಿಯ ಮಾತು ಬಂದಿತು. ಬ್ಯಾಟರಿಗೆ ಸಾಮಾನ್ಯವಾಗಿ ೮ ವರ್ಷ ಅಥವಾ ೧,೬೦,೦೦೦ ಕಿ.ಮೀ. ಖಾತರಿ ಕೊಡುತ್ತಾರೆ. ಆದರೆ ಬಾಡಿಗೆಗೆ ಓಡುವ ಹಳದಿ ಫಲಕದ ಗಾಡಿಗೆ ಷರತ್ತು ಬೇರೆ ಇರುವುದುಂಟು. ಮನೆಯ ಗಾಡಿಯೆಂದು ಕೊಂಡು ಬಾಡಿಗೆಗೆ ಓಡಿಸಿದರೆ ಖಾತರಿಯೇ ಬಿದ್ದುಹೋಗಬಹುದು. ಬಿಸಿಲಿಗಿಂತ ಹೆಚ್ಚಿನ ಅಪಾಯ ಆ ಕಾಗದದಲ್ಲಿದೆಯೆಂದು ನಾವು ಹೇಳಿದೆವು. ಹೊಲವನ್ನು ಪೂರ್ತಿ ಮಾರದೆ, ಸಾಲ ಎಷ್ಟು ಸಿಗುವುದೆಂದು ಮೊದಲು ಬ್ಯಾಂಕಿನಲ್ಲಿ ವಿಚಾರಿಸುವುದಾಗಿ ಅವನು ಒಪ್ಪಿದನು. ಹಂಚಿನ ಚಪ್ಪರವನ್ನಂತೂ ಮುಂದಿನ ವಾರವೇ ಮುಗಿಸಿದನಂತೆ. ಸದ್ಯಕ್ಕೆ ಅದರ ಕೆಳಗೆ ಅಕ್ಕನ ಎಮ್ಮೆ ಕಟ್ಟಿದೆ.