ಸೀತಾಫಲದ ಬೀಜ ತಲೆಗೆ ಬೇಡ

ದಸರಾ ದೀಪಾವಳಿ ಹೊತ್ತಿಗೆ ವಾಡಿ, ಚಿತ್ತಾಪುರ, ಚಿಂಚೋಳಿ ಕಡೆ ಸೀತಾಫಲದ ಸುಗ್ಗಿ. ತಿಂದು ಉಗಿದ ಆ ಕರೀ ನುಣುಪು ಬೀಜಗಳನ್ನು ಎಷ್ಟೋ ಮನೆಗಳಲ್ಲಿ ಎಸೆಯಲ್ಲ. ಒಣಗಿಸಿ, ಕುಟ್ಟಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹೆಣ್ಣುಮಕ್ಕಳ ತಲೆಗೆ ಹಚ್ಚುತ್ತಾರೆ. ಹೇನು ಸಾಯೋದು ಖರೆ. ಯಾವುದರಿಂದ ಸಾಯುತ್ತವೆ ಅನ್ನೋದನ್ನೂ ತಿಳ್ಕೋಬೇಕು.

ಬೀಜದ ತಿರುಳಿನಲ್ಲಿ ಅಸಿಟೊಜೆನಿನ್ ಎಂಬ ವಿಷಗಳ ಗುಂಪಿದೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಕೆಲಸವನ್ನೇ ಅದು ತಡೆಯುತ್ತದೆ. ಈ ಬೀಜದ ಸಾರವನ್ನು ಕೀಟನಾಶಕವಾಗಿ ಬಳಸೋದೂ ಇದಕ್ಕೇ.

ಮಗು ಅಪ್ಪಿತಪ್ಪಿ ಒಂದು ಇಡೀ ಬೀಜ ನುಂಗಿದರೆ ಸಾಮಾನ್ಯವಾಗಿ ಗಟ್ಟಿ ಸಿಪ್ಪೆ ಒಡೆಯದೆ ಹಾಗೇ ಹೊರಗೆ ಹೋಗುತ್ತದೆ. ಅಗಿದರೆ, ಅರೆದರೆ ಮಾತು ಬೇರೆ. ಅದಕ್ಕಿಂತ ನನಗೆ ಹೆಚ್ಚು ಭಯ ಕಣ್ಣಿನದು. ತಲೆ ತೊಳೆಯುವಾಗ ಆ ಪುಡಿ ನೀರಿನ ಜೊತೆ ಕಣ್ಣಿಗಿಳಿದರೆ ಉರಿ ತಡೆಯಕ್ಕಾಗಲ್ಲ. ಕಣ್ಣು ಕೆಂಪಾಗಿ, ರೆಪ್ಪೆ ಊದಿ, ಬೆಳಕು ನೋಡಲಾಗದೆ ಒದ್ದಾಡ್ತಾರೆ. ಕಣ್ಣಿನ ಕರಿಗುಡ್ಡೆ ಮೇಲಿನ ತೆಳು ಪೊರೆಯೇ ಕಿತ್ತುಬಂದ ಪ್ರಕರಣಗಳನ್ನು ನಮ್ಮ ದೇಶದ ನೇತ್ರತಜ್ಞರು ದಾಖಲಿಸಿದ್ದಾರೆ.

ಅಕ್ಕಂದಿರೇ, ಅವ್ವಂದಿರೇ, ಸೀರಣಿಗೆ ಇದೆ, ಔಷಧಿ ಅಂಗಡಿಯಲ್ಲಿ ಹೇನಿನ ಲೋಷನ್ ಸಿಗುತ್ತದೆ. ಈ ಪುಡಿ ಬಿಟ್ಟುಬಿಡಿ. ಈಗಾಗಲೇ ಕಣ್ಣಿಗೆ ಬಿದ್ದಿದ್ದರೆ ಉಜ್ಜಬೇಡಿ, ಎದೆಹಾಲು, ತುಪ್ಪ ಹಾಕಬೇಡಿ. ಶುದ್ಧ ನೀರು ಸುರಿದು ಹದಿನೈದಿಪ್ಪತ್ತು ನಿಮಿಷ ಕಣ್ಣು ತೊಳೆದು, ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.